ಎಲ್ಲಾ ತೋರಿಸುವ ಲೆನ್ಸು

ಅವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ತೀರಿಕೊಂಡವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ಅನ್ನುವವರಿಗೇನು, ಅನ್ನುತ್ತಾರೆ. ಅವರ ಜೊತೆ ವರ್ಷಗಟ್ಟಲೆ ಮದುವೆ ಮನೆಗಳಿಗೆ ತಿರುಗಿದವಳು ನಾನು. ಅವರದು ಹಾನಗಲ್ಲಿನಲ್ಲಿ ಫೋಟೋ ಸ್ಟುಡಿಯೋ, ನನ್ನದು ಶಿಗ್ಗಾವಿಯಲ್ಲಿ ಬ್ಯೂಟಿ ಪಾರ್ಲರು. ಮದುಮಗಳನ್ನು ನಾನು ಸಿಂಗರಿಸಬೇಕು, ಅವರು ಫೋಟೋ ತೆಗೆಯಬೇಕು. ನಾನು ಕಷ್ಟಪಟ್ಟು ಮುಚ್ಚಿದ್ದನ್ನು ಅವರ ಕ್ಯಾಮೆರಾ ಬಿಚ್ಚಿ ತೋರಿಸಬಾರದು. ಇಬ್ಬರೂ ಬಾಯಿಬಿಟ್ಟು ಹೇಳದಿದ್ದರೂ ನಮ್ಮ ನಡುವೆ ಇದ್ದ ಕರಾರು ಅದು. ಒಂದು ಲೆನ್ಸಿನ ಸಲುವಾಗಿ ಅವರು ಅದನ್ನು ಮುರಿದರು.

ಎತ್ತರದ, ತೆಳ್ಳನೆಯ ಆಸಾಮಿ. ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ, ಕಿಸೆಯಲ್ಲಿ ಲೆನ್ಸು ಒರೆಸುವ ಮೆತ್ತನೆಯ ಬಟ್ಟೆ. ಸವಣೂರಿಗೆ ಹೋದಾಗಲೆಲ್ಲ ಖಾರಾ ಕಟ್ಟಿಸಿಕೊಂಡು ಬರುತ್ತಿದ್ದರು. ಮದುವೆಯ ಊಟ ಬಿಟ್ಟು ಚೀಲದ ಮೇಲೆ ಕುಳಿತು ಅದನ್ನೇ ಮೆಲ್ಲುತ್ತಿದ್ದರು. ಫೋಟೋ ತೆಗೆಯುವ ಮೊದಲು ಉಸಿರು ಬಿಗಿಹಿಡಿದು ಎರಡೂ ಗಲ್ಲ ಉಬ್ಬಿಸುವುದು ಅವರ ಚಟ. ಚೆನ್ನಾಗಿ ಬಂದರೆ ಉಸಿರು ಬಿಟ್ಟು "ಹೂಂ, ಬಂತು" ಅನ್ನುತ್ತಿದ್ದರು. ಬರದಿದ್ದರೆ ಏನೂ ಅನ್ನುತ್ತಿರಲಿಲ್ಲ, ನಮಗೇ ಗೊತ್ತಾಗುತ್ತಿತ್ತು. ಎಲ್ಲರಿಗೂ ಅವರು ಅಣ್ಣಾರು. ನನಗೂ ಅಷ್ಟೇ.

ಒಂದು ಮಳೆಗಾಲದಲ್ಲಿ ಅವರ ಹಳೆಯ ಲೆನ್ಸಿನೊಳಗೆ ಬೂಷ್ಟು ಬೆಳೆಯಿತು. ಹೊಸದು ಕೊಳ್ಳಲೇಬೇಕು. ಕೊಂಡರೆ ಒಂದೇ, ಎರಡು ಕೊಳ್ಳುವ ತಾಕತ್ತು ಇರಲಿಲ್ಲ. ಅಲ್ಲಿಂದ ಶುರುವಾಯಿತು ನಮ್ಮ ಜಗಳ. ಮುಖ ತೆಗೆಯಲೆಂದೇ ಮಾಡಿದ ಪೋರ್ಟ್ರೇಟ್ ಲೆನ್ಸು ಒಂದಿದೆ. ಅದರಲ್ಲಿ ಮದುಮಗಳ ಹಿಂದಿನ ಪ್ಲಾಸ್ಟಿಕ್ ಕುರ್ಚಿ, ಅಡುಗೆಯವರು, ಅಳುವ ಕೂಸು ಎಲ್ಲ ಕರಗಿ ಬರೀ ಬಣ್ಣವಾಗುತ್ತದೆ, ಹುಡುಗಿಯ ಮುಖ ಮಾತ್ರ ಮೆತ್ತಗೆ ಹೊಳೆಯುತ್ತದೆ. ಇನ್ನೊಂದು ಮ್ಯಾಕ್ರೊ. ಇರುವೆಯ ಮೀಸೆಯವರೆಗೂ ಹತ್ತಿರ ಹೋಗುವ ಲೆನ್ಸು ಅದು. ಮುಖವನ್ನೂ ತೆಗೆಯುತ್ತದೆ, ಆದರೆ ದಯೆ ದಾಕ್ಷಿಣ್ಯ ಇಲ್ಲ. ಚರ್ಮದ ಒಂದೊಂದು ರಂಧ್ರವನ್ನೂ ಎತ್ತಿ ತೋರಿಸುತ್ತದೆ. ಮೇಕಪ್ಪು ಮಾಡಿ ಹೊಟ್ಟೆ ಹೊರೆಯುವವಳಿಗೆ ಇದಕ್ಕಿಂತ ದೊಡ್ಡ ವೈರಿ ಬೇಕೆ?

"ಅಣ್ಣಾರ, ಪೋರ್ಟ್ರೇಟ್ ತಗೋರಿ," ಅಂದೆ. "ಮದುವಿ ಮನ್ಯಾಗ ಹುಡುಗಿ ಚಂದ ಕಂಡ್ರ ಸಾಕು. ಇನ್ನೇನ ಬೇಕ್ರಿ?"

"ಅದು ಹತ್ರ ಹೋಗಾಕ ಬಿಡೂದಿಲ್ಲ ತಂಗೆವ್ವಾ. ಒಂದ ಹೆಜ್ಜಿ ಮುಂದ ಇಟ್ಟ್ರ ಎಲ್ಲಾ ಮಬ್ಬ ಮಾಡತೈತಿ."

"ಹತ್ರ ಹೋಗಿ ಏನ್ ಮಾಡ್ತೀರಿ? ಮೂಗಿನ್ಯಾಗಿನ ಕೂದಲಾ ಎಣಸ್ತೀರೇನು?"

"ಎಣಸ್ತೇನಿ," ಅಂದರು. ನಗಲೂ ಇಲ್ಲ.

ಕೊಳ್ಳುವ ಮೊದಲು ಎರಡನ್ನೂ ಬಾಡಿಗೆಗೆ ತಂದು ನೋಡಿದರು. ಸವಣೂರಿನ ಮದುವೆಗೆ ಪೋರ್ಟ್ರೇಟ್ ಬಂತು. ನಾನು ಹಿಗ್ಗಿ ಹೀರೆಕಾಯಿಯಾದೆ. ಹಿರೇಕೆರೂರಿನ ಮದುವೆಗೆ ಮ್ಯಾಕ್ರೊ ಬಂತು. ಆ ಹುಡುಗಿಯ ಗಲ್ಲದ ತುಂಬ ಮೊಡವೆಯ ಕಲೆ. ನಸುಕಿನಿಂದ ಕುಳಿತು, ಪದರದ ಮೇಲೆ ಪದರ ಹಚ್ಚಿ ಮುಚ್ಚಿದ್ದೆ. ಮುಹೂರ್ತಕ್ಕೆ ಇನ್ನೇನು ಕರೆಯಬೇಕು, ಅಷ್ಟರಲ್ಲಿ ಈ ಮನುಷ್ಯ ಫೋಟೋ ತೆಗೆದವರೇ ಕ್ಯಾಮೆರಾ ಕೆಳಗಿಳಿಸಿದರು. ಹುಡುಗಿ ಕುತ್ತಿಗೆ ಚಾಚಿ ಅದರ ಪರದೆ ನೋಡಿದಳು. ನನ್ನ ಪೌಡರು ಬತ್ತಿದ ಕೆರೆಯ ತಳದ ಹಾಗೆ ಬಿರುಕು ಬಿಟ್ಟಿತ್ತು. ಅವಳ ಕಣ್ಣು ತುಂಬಿದವು.

ಕಣ್ಣಿಗೆ ಕಾಡಿಗೆ ಹಚ್ಚಿದವರಿಗೇ ಗೊತ್ತು ಆ ಗಳಿಗೆಯ ಸಂಕಟ. ಒಂದು ಹನಿ ಇಳಿದರೂ ಎಲ್ಲ ಕಲಸಿಹೋಗುತ್ತದೆ, ಮತ್ತೆ ಹಚ್ಚಲು ವೇಳೆ ಇಲ್ಲ. ಹೊರಗೆ ವಾದ್ಯ ಶುರುವಾಗಿತ್ತು. ಹುಡುಗಿಯ ಸೋದರತ್ತೆ ಪರದೆಗೆ ಇಣುಕಿ ಕೂಗಿದಳು: "ಇದೇನ್ರಿ ಇದು, ಮೇಕಪ್ ಮಾಡೀರೋ, ಗ್ವಾಡಿಗಿ ಸುಣ್ಣಾ ಬಳದೀರೋ?" ಅಣ್ಣಾರು ಗಡಿಬಿಡಿ ಮಾಡಲಿಲ್ಲ. ಇನ್ನೊಂದು ಫೋಟೋ ತೆರೆದು ಹುಡುಗಿಯ ಮುಂದೆ ಹಿಡಿದರು. "ಇದನ್ನ ನೋಡವ್ವಾ." ಅದರಲ್ಲಿ ಒಂದು ಕಣ್ಣು, ಅಷ್ಟೇ. ರೆಪ್ಪೆಯ ಒಂದೊಂದು ಕೂದಲೂ ಬಾಗಿ ನಿಂತಿತ್ತು. ಹುಡುಗಿ ಮೂಗೆಳೆದುಕೊಂಡು, "ಇದು ನನ್ನ ಕಣ್ಣಽನ್ರಿ?" ಅಂದಳು. ಹೊರಗಿನಿಂದ ಕರೆ ಬಂತು. ಹನಿ ಇಳಿಯಲಿಲ್ಲ.

ಆದರೆ ನನ್ನ ಸಿಟ್ಟು ಇಳಿಯಬೇಕಲ್ಲ? ವಾಪಸು ಬರುವಾಗ ಗಾಡಿಯಲ್ಲಿ ಬಾಯಿಗೆ ಬಂದಂತೆ ಬೈದೆ. ನಿಮ್ಮ ಲೆನ್ಸಿಗೆ ಬೆಂಕಿ ಬೀಳಲಿ ಅಂದೆ. ನನ್ನ ಅನ್ನಕ್ಕೆ ಮಣ್ಣು ಹಾಕುತ್ತೀರಿ ಅಂದೆ. ಹಂಸಭಾವಿ ದಾಟುವವರೆಗೆ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಕಿಟಕಿಯ ಕಡೆ ನೋಡುತ್ತಾ, ಆ ಊರಿನ ಒಬ್ಬ ಹೆಣ್ಣುಮಗಳ ಮಾತು ತೆಗೆದರು.

ನಮ್ಮ ಕಡೆ ತೀರಿಕೊಂಡವರನ್ನು ಕುಳ್ಳಿರಿಸಿ, ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ ಫೋಟೋದವರನ್ನು ಕರೆಸುತ್ತಾರೆ. ಎಷ್ಟೋ ಮನೆಗಳಲ್ಲಿ ಹಿರಿಯರದು ಅಂತ ಇರುವ ಒಂಟಿ ಫೋಟೋ ಅದೊಂದೇ. ಗೋಡೆಗೆ ಹಾಕಲು ಅದನ್ನೇ ಸ್ಟುಡಿಯೋಕ್ಕೆ ತಂದು "ಕಣ್ಣ ತೆರಸಿ ಕೊಡ್ರಿ" ಅನ್ನುತ್ತಾರೆ. ಕಂಪ್ಯೂಟರಿನಲ್ಲಿ ಬೇರೆ ಯಾರದೋ ಕಣ್ಣು ತಂದು ಅಂಟಿಸುತ್ತಾರೆ. ಅಣ್ಣಾರು ಈ ಕೆಲಸದಲ್ಲಿ ಪಳಗಿದ ಕೈ. ಹಂಸಭಾವಿಯ ಆ ಹೆಣ್ಣುಮಗಳ ಗಂಡನಿಗೆ ಹಿರಿಯ ಮಗನ ಕಣ್ಣು ತೆಗೆದು ಹಚ್ಚಿದ್ದರು. ವರ್ಷದ ಕಾರ್ಯ ಮುಗಿಸಿ ಆಕೆ ಫೋಟೋವನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದಳು. "ಯಪ್ಪಾ, ಇದನ್ನ ನೀನಽ ಇಟ್ಕೊ," ಅಂದಳಂತೆ. "ಮಾರಿ ಅವರದಽ ಐತಿ. ನನ್ನ ನೋಡಾಕತ್ತಾವ ಯಾರೋ ಬ್ಯಾರೆ."

"ಅವತ್ತಿನಿಂದ ಕಣ್ಣ ತೆರಸೂದು ಬಿಟ್ಟೆ," ಅಂದರು ಅಣ್ಣಾರು. "ಮುದುಕ್ರು ಇರೂತನಕಾನಽ ಅವರ ಮಾರಿ ತೆಗೀಬೇಕು ಅಂತ ಅನಿಸ್ತು. ಆದ್ರ ಯಾರ ಒಪ್ತಾರ? ಒಂಟಿ ಫೋಟೋ ಅಂದ್ರ ಸಾಕು, 'ನನ್ನ ಗ್ವಾಡಿಗಿ ತೂಗಹಾಕಾಕ ಈಗಽ ತಯಾರಿ ನಡಸೀರೇನು' ಅಂತ ಬೈತಾರ."

ಅದಕ್ಕೇ ಅವರಿಗೆ ಮ್ಯಾಕ್ರೊ ಬೇಕಾಗಿತ್ತು. ಮನೆಗೆ ಹೋಗಿ, ಯಜ್ಜಿ ನಿಮ್ಮ ಕಿವಿಯ ಬುಗುಡಿಯ ಫೋಟೋ ತೆಗೆಯುತ್ತೇನೆ, ಅಜ್ಜಾ ನಿಮ್ಮ ಎಲೆಬಳ್ಳಿಯದು ತೆಗೆಯುತ್ತೇನೆ ಅನ್ನುವುದು. ತಮ್ಮ ಮುಖದ ಉಸಾಬರಿ ಇಲ್ಲ ಅಂತ ಗೊತ್ತಾದರೆ ಮುದುಕರು ಹಗುರಾಗುತ್ತಾರೆ, ಮಾತಿಗೆ ಇಳಿಯುತ್ತಾರೆ. ಬುಗುಡಿ, ಬೆರಳು, ಎಲೆ ಎಲ್ಲ ಹತ್ತಿರದಿಂದ ತೆಗೆಯುತ್ತಾ ಮೆಲ್ಲಗೆ ಒಂದೆರಡು ಹೆಜ್ಜೆ ಹಿಂದೆ ಸರಿದರೆ ಅದೇ ಲೆನ್ಸಿಗೆ ಮುಖ ಸಿಗುತ್ತದೆ. ನಡುವೆ ಲೆನ್ಸು ಬದಲಿಸಲು ಕುಳಿತರೆ ಆ ಜೀವ ಎಚ್ಚರವಾಗುತ್ತದೆ, ಮುಖ ಬಿಗಿಯುತ್ತದೆ. ಸವಣೂರಿನ ಎಲೆತೋಟದ ಒಬ್ಬ ಅಜ್ಜನನ್ನು ಆ ಬಾಡಿಗೆ ಲೆನ್ಸಿನಲ್ಲೇ ಹೀಗೆ ತೆಗೆದದ್ದನ್ನು ನನಗೆ ತೋರಿಸಿದರು. ಅಜ್ಜ ಯಾರಿಗೋ ಬೈಯುತ್ತಿದ್ದ, ಬಾಯಿ ತುಂಬ ಎಲೆಅಡಿಕೆ, ಕಣ್ಣಿನಲ್ಲಿ ಕಿಲಾಡಿತನ.

"ಅಂದ್ರ ಮೋಸಾ ಮಾಡ್ತೀರಿ," ಅಂದೆ.

"ಹೌದವ್ವಾ, ಮೋಸಾನಽ. ಹೆಣದ ಮಾರಿಗಿ ಮಗನ ಕಣ್ಣ ಹಚ್ಚೂದಕ್ಕಿಂತ ಇದು ಸಣ್ಣ ಮೋಸ."

ಹುಬ್ಬಳ್ಳಿಯ ಅಂಗಡಿಗೆ ಲೆನ್ಸು ತರಲು ಹೋದಾಗ ನಾನೂ ಜೊತೆಗಿದ್ದೆ. ಅಂಗಡಿಯವನು ಪೋರ್ಟ್ರೇಟನ್ನೇ ಹೊಗಳಿದ. ನಾನು ಅವನ ಪಕ್ಷ ವಹಿಸಿದೆ. ಅಣ್ಣಾರು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ "ಅದೂ ಚಲೋನಽ" ಅನ್ನುತ್ತಾ ಮ್ಯಾಕ್ರೊ ಕೈಗೆತ್ತಿಕೊಂಡು ಅವನ ಹೆಬ್ಬೆರಳಿನ ಉಗುರು ತೆಗೆದರು, ಹಿಂದೆ ಸರಿದು ಮುಖ ತೆಗೆದರು, "ಇದನ್ನ ಕಟ್ರಿ" ಅಂದರು. ಅದರ ಬದಿಯಲ್ಲಿ ಒಂದು ಸಣ್ಣ ಗುಂಡಿ ಇತ್ತು. ಅದನ್ನು ಹತ್ತಿರಕ್ಕೆ ಇಟ್ಟರೆ ಲೆನ್ಸು ಹತ್ತಿರದ್ದನ್ನು ಮಾತ್ರ ಹುಡುಕುತ್ತದೆ, ದೂರಕ್ಕೆ ಹೋಗುವಾಗ ನೆನಪಿನಿಂದ ತಿರುಗಿಸಬೇಕು. "ಮರತ್ರ?" ಎಂದು ಕೇಳಿದೆ. "ಹುಡುಕಿ ಹುಡುಕಿ ಗರಗರ ಅಂತೈತಿ, ಏನೂ ಸಿಗೂದಿಲ್ಲ," ಅಂದ ಅಂಗಡಿಯವನು.

ಇನ್ನು ನಮ್ಮವ್ವನ ಮಾತು. ದುಂಡಸಿಯ ಮನೆಯಲ್ಲಿ ನಾನು, ಅವ್ವ ಇಬ್ಬರೇ. ಊರಿನ ಮದುಮಕ್ಕಳನ್ನೆಲ್ಲ ಸಿಂಗರಿಸಿದ ನಾನು ಮದುವೆಯಾಗಲಿಲ್ಲ, ಆ ಕಥೆ ಬೇಡ. ಆ ವರ್ಷ ಅವ್ವನಿಗೆ ನಾಲ್ಕು ಹೆಜ್ಜೆ ನಡೆದರೆ ಉಸಿರು ಸಿಗುತ್ತಿರಲಿಲ್ಲ. ಹೃದಯದ ಕವಾಟ ಹಾಳಾಗಿದೆ, ಎದೆ ಸೀಳಿ ಬೇರೆ ಹಾಕಬೇಕು ಅಂದರು ಹುಬ್ಬಳ್ಳಿಯ ಡಾಕ್ಟರು. "ವಯಸ್ಸಾಗೈತ್ರಿ. ನಮ್ಮ ಕೆಲಸ ನಾವು ಮಾಡ್ತೇವಿ," ಎಂದು ಹೇಳಿ ಬೆರಳನ್ನು ಮೇಲಕ್ಕೆ ತೋರಿಸಿದರು. ಮುಚ್ಚುಮರೆ ಯಾಕೆ, ಆಗ ನನಗೆ ಮೊದಲು ನೆನಪಾದದ್ದು ದೇವರಲ್ಲ. ಮನೆಯಲ್ಲಿ ಅವ್ವನ ಮುಖ ಕಾಣುವ ಒಂದೇ ಒಂದು ಫೋಟೋ ಇಲ್ಲ ಅನ್ನುವುದು ನೆನಪಾಯಿತು.

ಇರಲಿಲ್ಲ, ಯಾಕೆಂದರೆ ತೆಗೆಯಲು ಅವಳು ಬಿಟ್ಟಿರಲಿಲ್ಲ. ಬಹಳ ಹಿಂದೆ ಅಪ್ಪ ಪೇಟೆಗೆ ಹೋದವನು ಶೋಕಿಗೆ ಒಂಟಿ ಫೋಟೋ ತೆಗೆಸಿಕೊಂಡಿದ್ದ. ಅದು ತೊಳೆದು ಕೈಗೆ ಬರುವ ಮೊದಲೇ ತೀರಿಕೊಂಡ. ಅವನ ದಿನಕಾರ್ಯ ಮುಗಿದ ಮೇಲೆ ಫೋಟೋ ಮನೆಗೆ ಬಂತು. ಅಂದಿನಿಂದ ಅವ್ವ ಯಾವ ಕ್ಯಾಮೆರಾ ಕಂಡರೂ ಸೆರಗು ಎಳೆದುಕೊಳ್ಳುತ್ತಿದ್ದಳು. ಬಂಧುಬಳಗದ ಮದುವೆ ಫೋಟೋಗಳಲ್ಲಿ ಅವಳದು ಬರೀ ಹೆಗಲು, ಬರೀ ಸೀರೆಯ ಅಂಚು. ಆಧಾರ್ ಕಾರ್ಡಿನಲ್ಲಿ ಇರುವುದು ನಮ್ಮವ್ವ ಅಲ್ಲ, ನಾಯಿ ಕಂಡ ಬೆಕ್ಕು.

ಬೈದ ಬಾಯಿಂದಲೇ ಅಣ್ಣಾರಿಗೆ ಫೋನು ಮಾಡಿದೆ. "ಆ ಲೆನ್ಸ ತಗೊಂಡ ಬರ್ರಿ. ಮೋಸಾ ಮಾಡ್ರಿ, ಏನರ ಮಾಡ್ರಿ, ನನಗ ಅವ್ವನ ಮಾರಿ ಬೇಕು."

ಆಪರೇಷನ್ನಿಗೆ ಇನ್ನು ಸ್ವಲ್ಪ ದಿನ ಇರುವಾಗ ಒಂದು ಮಧ್ಯಾಹ್ನ ಬಂದರು. ಅವ್ವ ಬಾಗಿಲ ಬೆಳಕಿಗೆ ಕುಳಿತು ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆಯ ತುಂಡುಗಳನ್ನು ಸೇರಿಸಿ ಸಾಲುಸಾಲಾಗಿ ಹೊಲಿಗೆ ಹಾಕುವ ಆ ಕೆಲಸವನ್ನು ಡಾಕ್ಟರು ಬೇಡ ಅಂದಿದ್ದರೂ ಬಿಟ್ಟಿರಲಿಲ್ಲ. ಮುಗಿಸದೆ ಹೋಗಬಾರದು ಅನ್ನುವ ಅವಸರ ಅವಳ ಸೂಜಿಯಲ್ಲಿ ಕಾಣುತ್ತಿತ್ತು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ.

"ಯವ್ವಾ, ನಿಮ್ಮ ಹೊಲಿಗಿ ಭಾಳ ಚಂದ ಐತ್ರಿ. ಅದರದೊಂದು ಫೋಟೋ ತಗೊಳ್ಳಲೇನ್ರಿ?" ಅಂದರು ಅಣ್ಣಾರು.

ಅವ್ವ ಅನುಮಾನದಿಂದ ನೋಡಿದಳು. "ಹೊಲಿಗೀದಽ?"

"ಹೊಲಿಗೀದಽರಿ."

"ತಗೋ. ಹೊಲಿಗಿಗೇನ ಸಾವ ಐತೇನು?"

ಅವರು ನೆಲಕ್ಕೆ ಮಂಡಿಯೂರಿ ಕೌದಿಯ ಮೇಲೆ ಬಾಗಿದರು. ದಾರ, ಸೂಜಿಯ ಕಣ್ಣು, ಅವ್ವನ ಬೆರಳಿನ ಸೀಳು. ನಾನು ಅಡುಗೆಮನೆಯ ಬಾಗಿಲಲ್ಲಿ ಉಸಿರು ಹಿಡಿದು ನಿಂತಿದ್ದೆ. ಅವ್ವ ಸಡಿಲಾಗುತ್ತಾ ಬಂದಳು. ಈ ತುಂಡು ತನ್ನ ಮದುವೆಯ ಸೀರೆಯದು, ಇದು ಅತ್ತೆಯದು, ಆ ಅತ್ತೆ ಎಂಥ ಘಾಟಿ ಹೆಂಗಸು ಅಂತ ಹೇಳುತ್ತಾ ನಕ್ಕಳು. ಎಷ್ಟು ಕಾಲದ ಮೇಲೆ ನಕ್ಕಳೋ. ಅಣ್ಣಾರು ಮೆಲ್ಲಗೆ ಎದ್ದು ಒಂದು ಹೆಜ್ಜೆ ಹಿಂದೆ ಸರಿದರು. ಇನ್ನೊಂದು ಹೆಜ್ಜೆ. ಗಲ್ಲ ಉಬ್ಬಿಸಿದರು. ಬೆರಳು ಇಳಿಯಿತು.

ಗರ್ ಗರ್ ಗರ್ ಎಂದು ಸದ್ದಾಯಿತು.

ಗುಂಡಿ! ಅದನ್ನು ತಿರುಗಿಸಲು ಮರೆತಿದ್ದರು. ಲೆನ್ಸು ಹತ್ತಿರದಲ್ಲೇ ಹುಡುಕಾಡುತ್ತಾ ಹಿಂದೆ ಮುಂದೆ ತಡಕಾಡಿತು. ಅವರು ಗಡಬಡಿಸಿ ಗುಂಡಿ ತಿರುಗಿಸಿದರು. ಅಷ್ಟರಲ್ಲಿ ಅವ್ವ ತಲೆ ಎತ್ತಿದ್ದಳು. ಸೆರಗು ಎಳೆದುಕೊಳ್ಳುವುದನ್ನೂ ಮರೆತು ಅವರನ್ನು ನೋಡಿದಳು, ಅವರ ಕಾಲು ಇದ್ದ ಜಾಗ ನೋಡಿದಳು, ಬಾಗಿಲಲ್ಲಿ ನಿಂತ ನನ್ನನ್ನು ನೋಡಿದಳು. ಎಲ್ಲ ತಿಳಿದುಹೋಯಿತು.

"ನನ್ನ ಸಾಯೂ ಫೋಟೋ ತೆಗಸಾಕ ಕರಕೊಂಡ ಬಂದೀ?" ಅಂದಳು ನನಗೆ.

ಅವರ ಕ್ಯಾಮೆರಾ ಇನ್ನೂ ಕಣ್ಣಿಗೇ ಇತ್ತು. ಈಗ ಲೆನ್ಸು ಸರಿಯಾಗಿತ್ತು, ಅವ್ವನ ಪೂರಾ ಮುಖ ಅದರ ಮುಂದಿತ್ತು. ನಾನು ಕೈಸನ್ನೆ ಮಾಡಿದೆ, ತೆಗೆಯಿರಿ, ತೆಗೆಯಿರಿ ಎಂದು. ಬೆರಳು ಅಲ್ಲೇ ಇತ್ತು. ಅವರು ಕ್ಯಾಮೆರಾ ಇಳಿಸಿದರು.

"ತಪ್ಪಾತ್ರಿ ಯವ್ವಾ. ಸುಳ್ಳ ಹೇಳಿದೆ. ಮಾರಿ ತೆಗೀಬೇಕಂತನಽ ಬಂದಿದ್ದೆ," ಅಂದರು.

"ಹೋಗಪಾ ತಮ್ಮಾ. ನನಗ ಹೊಲಿಯೂದೈತಿ."

ಅವರು ಹೋದರು. ಅವ್ವ ಸಂಜೆಯವರೆಗೂ ಹೊಲಿದಳು, ನನ್ನ ಕಡೆ ತಿರುಗಲಿಲ್ಲ. ನನಗೆ ಅವ್ವನ ಮೇಲೆ ಸಿಟ್ಟಿರಲಿಲ್ಲ. ಒಂದು ಬೆರಳು ಒತ್ತಲಾರದ ಆ ಮನುಷ್ಯನ ಮೇಲೆ ಮೈಯೆಲ್ಲ ಉರಿಯುತ್ತಿತ್ತು. ಮೋಸ ಮಾಡುವವರು ಪೂರಾ ಮಾಡಬೇಕು. ಅರ್ಧಕ್ಕೆ ನಿಲ್ಲಿಸಿ ಹರಿಶ್ಚಂದ್ರ ಆಗುವುದೇನು?

ಆಪರೇಷನ್ನಿನ ದಿನ ಅವ್ವನನ್ನು ಒಳಗೆ ಕರೆದೊಯ್ದ ಮೇಲೆ ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬಳೇ ಕುಳಿತಿದ್ದೆ. ಹಾನಗಲ್ಲಿನಿಂದ ಬಸ್ಸು ಹಿಡಿದು ಅಣ್ಣಾರು ಬಂದರು. ಕ್ಯಾಮೆರಾ ಇಲ್ಲದೆ ಅವರನ್ನು ನೋಡಿದ್ದು ಅದೇ ಮೊದಲು. ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡು ಕುಳಿತರು. ಆ ಬಾಗಿಲು ತೆರೆದಾಗಲೆಲ್ಲ ನಾನು ಎದ್ದು ನಿಲ್ಲುತ್ತಿದ್ದೆ. ಬೇರೆ ಯಾರದೋ ಹೆಸರು ಕರೆಯುತ್ತಿದ್ದರು. ಕೊನೆಗೆ ತಡೆಯಲಾಗಲಿಲ್ಲ.

"ಅವತ್ತ ಒಂದ ಸಲಾ ಒತ್ತಿದ್ರ ಏನ್ ಹೋಗತಿತ್ರಿ ನಿಮ್ಮ ಗಂಟು? ಈಗ ಅವ್ವ ಹೊರಗ ಬರಲಿಲ್ಲಾಂದ್ರ ನಾ ಏನ್ ನೋಡ್ಲಿ?"

"ಒತ್ತಿದ್ರ ಏನ್ ಬರ್ತಿತ್ತು ಹೇಳು," ಅಂದರು. "ಮಗಳು ನನಗ ಮೋಸಾ ಮಾಡಿದ್ಲು ಅನ್ನೂ ಮಾರಿ ಬರ್ತಿತ್ತು. ಅದನ್ನ ಗ್ವಾಡಿಗಿ ಹಾಕ್ಕೊಂಡು ದಿನಾ ಊದಿನಕಡ್ಡಿ ಹಚ್ತಿದ್ದೇನು?"

ನಾನು ಅತ್ತೆ. ಅವರ ಎದುರಿಗೆ ಅತ್ತದ್ದು ಅದೊಂದೇ ಸಲ. ಸಮಾಧಾನ ಮಾಡಲು ಅವರಿಗೆ ಬರುತ್ತಿರಲಿಲ್ಲ. ಕಿಸೆಯಿಂದ ಲೆನ್ಸು ಒರೆಸುವ ಬಟ್ಟೆ ತೆಗೆದು ಕೊಟ್ಟರು. ಸಂಜೆಯ ಹೊತ್ತಿಗೆ ನರ್ಸು ಬಂದು ಅವ್ವನ ಹೆಸರು ಹೇಳಿ, ಉಸಿರಾಡುತ್ತಿದ್ದಾರೆ, ಕಣ್ಣು ಬಿಟ್ಟಿದ್ದಾರೆ ಅಂದಳು. ಅಣ್ಣಾರು ಎದ್ದು "ಹೂಂ" ಅಂದರು, ಕೊನೆಯ ಬಸ್ಸಿಗೆ ಹೊರಟುಹೋದರು.

ಮನೆಗೆ ಬಂದ ಮೇಲೆ ಅವ್ವ ಒಂದು ದಿನ ಕೇಳಿದಳು, "ಆ ಫೋಟೋದಾವ ದವಾಖಾನಿಗಿ ಬಂದಿದ್ನಂತ?"

"ಹೂಂ. ಕ್ಯಾಮೆರಾ ತಂದಿರಲಿಲ್ಲ."

ಗಾಯ ಮಾಗಿತು, ಅವ್ವ ಅಂಗಳಕ್ಕೆ ಬಂದಳು, ಕೌದಿ ಮುಗಿಸಿದಳು. ಯುಗಾದಿ ಕಳೆದ ಮೇಲೆ, "ಕರೀ ಆತನ್ನ, ತೆಗೀಲಿ," ಅಂದಳು. ನಾನು ಕಣ್ಣು ಕಣ್ಣು ಬಿಟ್ಟೆ. "ಯಾಕ ಹಂಗ ನೋಡ್ತಿ? ಇದು ಸಾಯೂಕಿಂತ ಮೊದಲಿಂದಲ್ಲ. ಸತ್ತು ಹೊಳ್ಳಿ ಬಂದಮ್ಯಾಲಿಂದು. ಇದಕ್ಕೇನ ಭಯ?"

ನಾನು ಬಿಡುತ್ತೇನೆಯೇ? ಮೋಸದ ಗೊಡವೆ ಇಲ್ಲದ ಮೇಲೆ ಮ್ಯಾಕ್ರೊ ಯಾಕೆ, ಬಾಡಿಗೆಗೆ ಪೋರ್ಟ್ರೇಟ್ ತನ್ನಿ ಎಂದು ಹಟ ಹಿಡಿದೆ. ಎರಡನ್ನೂ ತಂದು ಅವ್ವನ ಮುಂದೆ ಇಟ್ಟರು. ನಾನು ಪೌಡರ್ ಡಬ್ಬಿ ಹಿಡಿದು ನಿಂತೆ.

"ಎರಡ ಯಾಕ?" ಎಂದು ಕೇಳಿದಳು ಅವ್ವ.

"ಇದು ಸ್ವಲ್ಪ ಮುಚ್ಚತೈತ್ರಿ, ವಯಸ್ಸ ಕಮ್ಮಿ ಕಾಣತೈತಿ. ಇದು ಎಲ್ಲಾ ತೋರಸತೈತ್ರಿ. ಸುಕ್ಕು, ಕಲಿ, ಎಲ್ಲಾ."

ಅವ್ವ ನನ್ನ ಕೈಯಿಂದ ಡಬ್ಬಿ ಕಿತ್ತುಕೊಂಡು ಪಕ್ಕಕ್ಕೆ ಇಟ್ಟಳು. "ಎಲ್ಲಾ ತೋರಸೂದನ್ನ ಹಚ್ಚು. ನಾ ಏನ್ ಕಳವು ಮಾಡೇನೇನು?"

ಅಣ್ಣಾರು ನನ್ನ ಕಡೆ ನೋಡಿದ ನೋಟ ಇನ್ನೂ ಮರೆತಿಲ್ಲ. ಗೆದ್ದ ಹುಡುಗರು ನೋಡುವ ಹಾಗೆ! ಅವ್ವ ಸೆರಗು ಸರಿಮಾಡಿಕೊಂಡು ಲೆನ್ಸಿನ ಒಳಗೇ ದಿಟ್ಟಿಸಿ, "ಈ ಸಲಾ ಗರಗರ ಅಂದ್ರ ಎದ್ದ ಹೋಗಾಕಿ ನಾ," ಅಂದಳು. ಅವರು ಗಲ್ಲ ಉಬ್ಬಿಸಿದರು. ಉಸಿರು ಬಿಟ್ಟರು. ಬಂತು.

ಕಟ್ಟು ಹಾಕಿದ ಫೋಟೋ ಬಸ್ಸಿನವರ ಕೈಯಲ್ಲಿ ದುಂಡಸಿಗೆ ಬಂತು. ಅದರ ಬೆನ್ನಿಗೇ ಸುದ್ದಿ ಬಂತು. ಎದೆನೋವು ಅಂದ ಅಣ್ಣಾರು ಸ್ಟುಡಿಯೋದ ಕುರ್ಚಿಯಲ್ಲಿ ಕುಳಿತಲ್ಲೇ ಹೋಗಿಬಿಟ್ಟಿದ್ದರು.

ನನಗೆ ದುಃಖಕ್ಕಿಂತ ಮೊದಲು ಹೆದರಿಕೆ ಬಂತು. ಅವ್ವ ಫೋಟೋವನ್ನು ಎತ್ತಿಕೊಂಡು ಹೋಗಿ ಟ್ರಂಕಿನ ಕೌದಿಗಳ ಅಡಿ ತುರುಕಿದಳು. "ನಿಮ್ಮಪ್ಪನ್ನ ಒಯ್ತು. ಈಗ ನನಗ ಬಂದಿದ್ದು ಆತನ್ನ ಒಯ್ತು. ನಾ ಬ್ಯಾಡ ಅಂದಿದ್ನೆಲ್ಲ, ನಾ ಬ್ಯಾಡಽ ಅಂದಿದ್ನೆಲ್ಲ," ಎಂದು ಹೇಳುತ್ತಾ ಗೋಡೆಗೆ ಒರಗಿ ಕುಳಿತಳು. ಮುಂಜಾನೆಯ ಗುಳಿಗೆ ನುಂಗಲಿಲ್ಲ. ಕೈಹಿಡಿದು ಕೊಟ್ಟರೆ ಉಗುಳಿದಳು. ಹೊಸ ಕವಾಟದ ಹೃದಯ, ಗುಳಿಗೆ ತಪ್ಪಿಸಬಾರದು ಎಂದು ಡಾಕ್ಟರು ಕಣ್ಣು ದೊಡ್ಡದು ಮಾಡಿ ಹೇಳಿದ್ದರು. ಹಾನಗಲ್ಲಿಗೆ ನಾನೂ ಬರುತ್ತೇನೆ ಅಂದಳು. ಬೇಡವೆನ್ನಲು ನನಗೆ ಧೈರ್ಯವಾಗಲಿಲ್ಲ.

ಅಲ್ಲಿ ಅವರನ್ನು ಕುಳ್ಳಿರಿಸಿದ್ದರು. ಭಜನೆ ನಡೆದಿತ್ತು. ಪಕ್ಕದಲ್ಲಿ ಅವರ ಹೆಂಡತಿ, ನಾನು ವೈನಿ ಅನ್ನುತ್ತಿದ್ದವರು. ಅವ್ವ ನನ್ನ ಕೈ ಬಿಡಿಸಿಕೊಂಡು ನೆಟ್ಟಗೆ ವೈನಿಯ ಮುಂದೆ ಹೋಗಿ ನಿಂತಳು. ಬೇಡವ್ವಾ, ಬೇಡ ಎಂದು ಸೀರೆ ಜಗ್ಗಿದೆ. ಕೇಳಬೇಕಲ್ಲ.

"ಯವ್ವಾ, ನನ್ನ ಪಾಲಿನ ಸಾವು ನಿನ್ನ ಗಂಡ ಒಯ್ದ," ಅಂದಳು. "ಫೋಟೋ ತೆಗಸ್ಕೊಂಡಾಕಿ ನಾನು. ನನ್ನ ಬೈ."

ಭಜನೆಯವರು ನಿಲ್ಲಿಸಿದರು. ಎಲ್ಲರ ಕಣ್ಣೂ ಅವ್ವನ ಮೇಲೆ. ವೈನಿ ಏನಾದರೂ ಒಂದು ಕೆಟ್ಟ ಮಾತು ಆಡಿದ್ದರೆ, ಹೌದು ಅಂತ ತಲೆ ಆಡಿಸಿದ್ದರೂ ಸಾಕಾಗಿತ್ತು, ಅವ್ವ ಅಲ್ಲೇ ಮುಗಿಯುತ್ತಿದ್ದಳು. ವೈನಿ ಅತ್ತು ಕೆಂಪಾದ ಕಣ್ಣು ಎತ್ತಿ ಅವ್ವನನ್ನು ನೋಡಿದರು. ಆಮೇಲೆ ಅವ್ವನ ಕೈ ಹಿಡಿದು ಬಾಗಿಲ ಕಡೆ ತಿರುಗಿಸಿದರು.

ಬಾಗಿಲಲ್ಲಿ, ಕಟ್ಟೆಯ ಮೇಲೆ, ರಸ್ತೆಯವರೆಗೂ ಮುದುಕರು ನಿಂತಿದ್ದರು. ಕೋಲು ಹಿಡಿದವರು, ಮೊಮ್ಮಕ್ಕಳ ಹೆಗಲು ಹಿಡಿದವರು. ಸವಣೂರಿನ ಎಲೆತೋಟದ ಅಜ್ಜನೂ ಇದ್ದ.

"ಇವರ ಮಾರೀನೂ ಎಲ್ಲಾ ಅವರಽ ತೆಗದದ್ರಿ," ಅಂದರು ವೈನಿ. "ಫೋಟೋಕ್ಕೊಂದು ಸಾವು ಅಂದ್ರ ಅವರು ಎಷ್ಟ ಸಲಾ ಸಾಯಬೇಕಿತ್ತು? ಕುಂಡರ್ರಿ ಯವ್ವಾ. ನೀವಾದ್ರೂ ಉಳದೀರಲ್ಲ, ಗಟ್ಟಿ ಆಗ್ರಿ."

ಅವ್ವ ವೈನಿಯ ಪಕ್ಕದಲ್ಲೇ ಕುಳಿತಳು. ಭಜನೆ ಮತ್ತೆ ಶುರುವಾಯಿತು. ಎತ್ತುವ ಹೊತ್ತಿಗೆ ಎಲ್ಲರಿಗಿಂತ ಜೋರಾಗಿ ಅತ್ತವಳು ಅವಳೇ. ವಾಪಸು ಬರುವಾಗ ಬಸ್ಸಿನಲ್ಲಿ ಕೈ ಚಾಚಿ "ಗುಳಿಗಿ ಎಲ್ಲಿ?" ಅಂದಳು.

ಜೀವಂತ ಇರುವವರ ಒಂಟಿ ಫೋಟೋವನ್ನು ನಮ್ಮ ಕಡೆ ಗೋಡೆಗೆ ಹಾಕುವುದಿಲ್ಲ. ಅವ್ವ ಹಾಕಿಸಿದಳು, ಒಳಗೆ ಕಾಲಿಡುತ್ತಲೇ ಕಾಣುವ ಹಾಗೆ. ಸುಕ್ಕು, ಕಲೆ, ಗದ್ದದ ಮೇಲಿನ ಎರಡು ಬಿಳಿಯ ಕೂದಲು ಎಲ್ಲ ಇವೆ. ಹೊಸಬರು ಬಂದರೆ ಅದನ್ನು ನೋಡಿ ದನಿ ತಗ್ಗಿಸಿ "ಯಾವಾಗ ಹ್ವಾದ್ರು?" ಎಂದು ನನ್ನನ್ನು ಕೇಳುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅವ್ವ ಬರುತ್ತಾಳೆ. "ತೆಗಸ್ಕೊಂಡಾಕಿ ಇಲ್ಲೇ ಅದೀನಿ ನೋಡ್ರಿ. ತೆಗದಾವ ಹ್ವಾದ," ಅನ್ನುತ್ತಾಳೆ. "ಕುಂಡರ್ರಿ, ಚಾ ಮಾಡ್ತೇನಿ." ಚಹಾಕ್ಕೆ ಇಟ್ಟು ಬಂದು ಸೆರಗಿನಿಂದ ಗಾಜು ಒರೆಸುತ್ತಾಳೆ. ಕೆಳಗಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅವರ ಸ್ಟುಡಿಯೋದ ಹೆಸರಿದೆ. ಅವ್ವನಿಗೆ ಓದಲು ಬರುವುದಿಲ್ಲ. ಮೊದಲು ಆ ಮೂಲೆಯನ್ನು ಒರೆಸಿ, ಆಮೇಲೆ ತನ್ನ ಮುಖ ಒರೆಸುತ್ತಾಳೆ.